ಚಟುವಟಿಕೆಯ ಕೂಸಿಗೆ ತಕ್ಕ ಆಟ

ಒಂದೂವರೆ ವರ್ಷದಿಂದ ಮೂರು ವರ್ಷದೊಳಗಿನ ಕೂಸು ಇರುವ ಮನೆಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಒಂದೇ: “ಈ ಕೂಸು ಒಂದು ಗಳಿಗೆ ಒಂದು ಕಡೆ ಕೂಡುವುದಿಲ್ಲ.” ತಾಯಿ ದಣಿದಿರುತ್ತಾಳೆ, ಅಜ್ಜಿಗೆ ಮೊಣಕಾಲು ನೋವು, ತಂದೆಗೆ ಕಚೇರಿಯ ಅವಸರ. ಕೊನೆಗೆ ಯಾರೋ ಒಬ್ಬರು ಕೂಸಿನ ಕೈಗೆ ಮೊಬೈಲು ಕೊಡುತ್ತಾರೆ. ಮನೆ ಶಾಂತವಾಗುತ್ತದೆ. ಆ ಶಾಂತಿಯನ್ನು ಎಲ್ಲರೂ ಮೆಚ್ಚುತ್ತಾರೆ, ನಾವೂ ಮೆಚ್ಚಿದವರೇ. ಆದುದರಿಂದ ಓದುಗ ಬಂಧುಗಳು ಈ ಬರಹವನ್ನು ನಮ್ಮ ಮನೆಯಲ್ಲಿ ನಾವು ಮಾಡಿದ ತಪ್ಪಿನ ಮತ್ತು ಅದರಿಂದ ಕಲಿತ ಪಾಠದ ನಿವೇದನೆಯೆಂದು ಸ್ವೀಕರಿಸಬೇಕಾಗಿ ಕೋರುತ್ತೇವೆ.

ನಾವು ಬಾಲ್ಯದಲ್ಲಿ ಮಠದ ಆಶ್ರಯದಲ್ಲಿ ಓದಿದವರು. ಬೆಳಗಿನ ಜಾವಕ್ಕೆ ಎದ್ದು, ಬೆನ್ನು ನೆಟ್ಟಗೆ ಮಾಡಿ ಕುಳಿತು, ಅಮರಕೋಶವನ್ನೂ ಶಬ್ದಮಣಿದರ್ಪಣದ ಸೂತ್ರಗಳನ್ನೂ ಬಾಯಿಪಾಠ ಮಾಡಿದ್ದೇವೆ. ಅಲುಗದೆ ಕುಳಿತುಕೊಳ್ಳುವುದೇ ವಿದ್ಯೆಯ ಮೊದಲ ಲಕ್ಷಣವೆಂಬ ಭಾವನೆ ಅಂದಿನಿಂದ ನಮ್ಮಲ್ಲಿ ಬೇರೂರಿತ್ತು. ಆದರೆ ಮಠಕ್ಕೆ ಸೇರಿದಾಗ ನಮಗೆ ಒಂಬತ್ತು ವರ್ಷ. ಆ ವಯಸ್ಸಿನ ಅಳತೆಗೋಲು ಇಪ್ಪತ್ತು ತಿಂಗಳ ಕೂಸಿಗೆ ಸಲ್ಲದೆಂಬ ಸರಳ ವಿವೇಕ ಅರವತ್ತು ದಾಟಿದ ಮೇಲೂ ನಮಗೆ ಬಂದಿರಲಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ಸೊಸೆ ಮೊಮ್ಮಗನನ್ನು ಕರೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದಳು. ಬಂದ ದಿನವೇ ಕೂಸು ನಮ್ಮ ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲುಗಳನ್ನು ಬರಿದು ಮಾಡಿತು. ಮರುದಿನ ಕಿಟಕಿಯ ಸರಳು ಹಿಡಿದು ಏರಿತು. ಮೂರನೆಯ ದಿನ ದೇವರ ಜಗಲಿಯ ತಂಬಿಗೆಯ ನೀರು ಪಡಸಾಲೆಯಲ್ಲಿ ಹರಿಯಿತು. ನಾವು ಪೇಟೆಗೆ ಹೋಗಿ, ದೀಪ ಮಿನುಗಿಸುತ್ತ ಹಾಡುವ ಬ್ಯಾಟರಿಯ ರೈಲೊಂದನ್ನು ಸಾವಿರದ ಇನ್ನೂರು ರೂಪಾಯಿ ಕೊಟ್ಟು ತಂದೆವು. ರೈಲು ತಾನೇ ಓಡಿತು, ತಾನೇ ಹಾಡಿತು. ಕೂಸಿಗೆ ಮಾಡಲು ಏನೂ ಉಳಿಯಲಿಲ್ಲ. ಹತ್ತು ನಿಮಿಷ ನೋಡಿ ಅದು ಅಜ್ಜಿಯ ಮಸಾಲೆ ಡಬ್ಬಿಯ ಮುಚ್ಚಳ ತೆಗೆಯಲು ಹೋಯಿತು. ಅಂದಿನಿಂದ ನಾವು ಮೊಬೈಲಿಗೆ ಮೊರೆಹೊಕ್ಕೆವು.

ಒಂದು ಸಂಜೆ ಮನೆಯ ದೊಡ್ಡ ಮಕ್ಕಳು ಪಡಸಾಲೆಯಲ್ಲಿ ಚೌಕಾಬಾರ ಆಡುತ್ತಿದ್ದರು. ಆಟದ ಕಾಯಿಗಳು ಹುಣಸೆ ಬೀಜಗಳು. ಕೂಸನ್ನು ನೋಡಿಕೊಳ್ಳುವ ಹೊಣೆ ನಮ್ಮದಾಗಿತ್ತು. ಕಣ್ಣು ಮಾತ್ರ ತಿದ್ದುತ್ತಿದ್ದ ಕರಡಿನ ಮೇಲಿತ್ತು. ಅದು ಯಾವಾಗ ಬೀಜವೊಂದನ್ನು ಬಾಯಿಗೆ ಹಾಕಿಕೊಂಡಿತೋ ನಾವು ಕಾಣೆವು. ತಲೆಯೆತ್ತಿದಾಗ ಕೂಸಿಗೆ ಕೆಮ್ಮಲೂ ಆಗದು, ಅಳಲೂ ಆಗದು; ಮುಖ ಕಪ್ಪಿಡುತ್ತಿತ್ತು. ಗಾಬರಿಯಿಂದ ನಾವು ಅದರ ಬಾಯಿಗೆ ಬೆರಳು ಹಾಕಹೋದೆವು.

“ಬೆರಳ ಹಾಕಬ್ಯಾಡ್ರಿ ಮಾವಾರ, ಇನ್ನೂ ಒಳಗ ಹೋಗತೈತಿ!”

ಸೊಸೆ ಕೂಸನ್ನು ಎಳೆದುಕೊಂಡು, ತಲೆ ತಗ್ಗಿರುವಂತೆ ತೊಡೆಯ ಮೇಲೆ ಬೋರಲು ಮಲಗಿಸಿ, ಅಂಗೈಯ ಬುಡದಿಂದ ಬೆನ್ನಿನ ನಡುವೆ, ಎರಡು ಹೆಗಲೆಲುಬುಗಳ ಮಧ್ಯದಲ್ಲಿ, ಬಲವಾಗಿ ಹೊಡೆದಳು. ನಾಲ್ಕನೆಯ ಏಟಿಗೆ ಬೀಜ ನೆಲಕ್ಕೆ ಬಿತ್ತು. ಕೂಸು ಅತ್ತಿತು. ಅದರ ಅಳು ಕೇಳಿ ಮನೆಮಂದಿಗೆಲ್ಲ ಹೋದ ಜೀವ ಬಂದಂತಾಯಿತು.

ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಇದನ್ನು ಕಲಿತಿದ್ದಳು. ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮಲಾರದೆ, ಉಸಿರಾಡಲಾರದೆ ಇದ್ದರೆ ಬೆನ್ನಿಗೆ ಐದು ಏಟು ಕೊಡಬೇಕು. ಅದರಿಂದ ಬಾರದಿದ್ದರೆ, ಒಂದು ವರ್ಷ ದಾಟಿದ ಮಗುವಿಗೆ, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲುಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಇವೆರಡನ್ನೂ ಒಂದರ ಮೇಲೊಂದರಂತೆ ಮಾಡುತ್ತಿರಬೇಕು. ಇನ್ನೊಬ್ಬರು ಕೂಡಲೇ 108ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಯಲ್ಲಿ ಬೆರಳಾಡಿಸಬಾರದು. ಇದನ್ನು ಮನೆಯ ಪ್ರತಿಯೊಬ್ಬರೂ ತಿಳಿದವರಿಂದ ಕೈಯಾರೆ ಕಲಿತಿರಬೇಕು.

ಆ ರಾತ್ರಿ ಸೊಸೆ ನಮ್ಮನ್ನು ದೂರಲಿಲ್ಲ. “ಕೂಸು ಆಟ ಬೇಡತಿತ್ರಿ. ನಾವು ಕೊಡಲಿಲ್ಲ, ಅದು ತಾನ ಹುಡುಕ್ಕೊಂತು” ಎಂದಷ್ಟೇ ಹೇಳಿದಳು. ನಮಗೆ ಆ ಮಾತೇ ಸಾಕಾಯಿತು.

ಮೊದಲು ನೋಡುವುದು

ಮರುದಿನ ನಾವು ಕರಡನ್ನು ಮುಚ್ಚಿಟ್ಟು, ಒಂದು ಹಾಳೆ ಹಿಡಿದು ಪಡಸಾಲೆಯ ಮೂಲೆಯಲ್ಲಿ ಕುಳಿತೆವು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂಸು ಮಾಡಿದುದನ್ನೆಲ್ಲ ಬರೆದುಕೊಂಡೆವು. ಸಂಜೆ ಓದಿದಾಗ ಬೆರಗಾಯಿತು. ನಾವು ‘ಗದ್ದಲ’ ಎಂದು ಕರೆದುದರಲ್ಲಿ ಒಂದು ಕ್ರಮವಿತ್ತು. ಕೂಸು ಮಾಡುತ್ತಿದ್ದುದು ಐದಾರು ಕೆಲಸಗಳನ್ನು ಮಾತ್ರ: ಎಸೆಯುವುದು, ಏರುವುದು, ತುಂಬಿ ಸುರಿಯುವುದು, ತೆಗೆದು ಮುಚ್ಚುವುದು, ಹೊತ್ತು ಸಾಗಿಸುವುದು, ಅಡಗುವುದು. ಅವನ್ನೇ ಮತ್ತೆ ಮತ್ತೆ, ನಾವು ಸೂತ್ರಗಳನ್ನು ಉರುಹಚ್ಚಿದಂತೆಯೇ, ಅದು ಅಭ್ಯಾಸ ಮಾಡುತ್ತಿತ್ತು.

ಇಟಲಿಯ ವೈದ್ಯೆ ಮಾರಿಯಾ ಮಾಂಟೆಸೊರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಅಲ್ಲಿಯ ಮಕ್ಕಳು ಅಂದದ ಆಟಿಕೆಗಳನ್ನು ಬಿಟ್ಟು, ತಮ್ಮ ಕೈಗೆ ಕೆಲಸ ಕೊಡುವ ಸಾಧನಗಳನ್ನೇ ಆರಿಸಿಕೊಳ್ಳುವುದನ್ನು ಅವರು ಕಂಡರು. 1939ರಲ್ಲಿ ಭಾರತಕ್ಕೆ ಬಂದು ಮದರಾಸಿನ ಅಡಯಾರಿನಲ್ಲಿ ಶಿಕ್ಷಕರಿಗೆ ಅವರು ತರಬೇತಿ ಕೊಟ್ಟರು. ಮಗುವನ್ನು ಮೊದಲು ನೋಡು, ಆಮೇಲೆ ಸಾಧನವನ್ನು ಕೊಡು ಎಂಬುದು ಅವರ ಪದ್ಧತಿಯ ಸಾರ. ನಾವು ಇದನ್ನು ಎಂದೋ ಓದಿದ್ದೆವು. ನಮ್ಮ ಮನೆಗೆ ಅನ್ವಯಿಸಿಕೊಂಡಿರಲಿಲ್ಲ.

ಕೂಸು ಮಾಡುವುದನ್ನೇ ಆಟವಾಗಿಸುವುದು

ಎಸೆಯುವ ಕೂಸಿಗೆ ‘ಎಸೆಯಬೇಡ’ ಎಂದರೆ ತಿಳಿಯದು. ಹಳೆಯ ಸೀರೆಯ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಹೊಲಿದ ಚೆಂಡನ್ನು ಕೊಡಬೇಕು, ಎರಡು ಹೆಜ್ಜೆ ದೂರದಲ್ಲಿ ಬುಟ್ಟಿಯೊಂದನ್ನಿಡಬೇಕು. ಬುಟ್ಟಿ ದಿನದಿಂದ ದಿನಕ್ಕೆ ದೂರ ಸರಿಯಲಿ. ಕಣ್ಣಿಗೂ ಕೈಗೂ ಹೊಂದಾಣಿಕೆ ಬರುತ್ತದೆ. ಹತ್ತಿರ-ದೂರ, ಒಳಗೆ-ಹೊರಗೆ ಎಂಬ ಮಾತುಗಳು ಅರ್ಥಸಹಿತ ಬಾಯಿಗೆ ಬರುತ್ತವೆ.

ಏರುವ ಕೂಸಿಗೆ ಹಾಸಿಗೆ, ದಿಂಬು, ಕೌದಿಗಳನ್ನು ನೆಲದ ಮೇಲೆ ಒಟ್ಟಿ ಗುಡ್ಡ ಮಾಡಿಕೊಡಬಹುದು. ಸೀಮೆಸುಣ್ಣದಿಂದ ಅಂಗಳದಲ್ಲಿ ಗೆರೆ ಎಳೆದರೆ ಅದರ ಮೇಲೆ ನಡೆಯುವುದೇ ಒಂದು ಆಟ. ಮೆಟ್ಟಿಲೇರುವಾಗ ಹಿರಿಯರೊಬ್ಬರು ಹಿಂದೆಯೇ ಇದ್ದು ಒಂದು, ಎರಡು, ಮೂರು ಎಂದು ಎಣಿಸಲಿ. ಎಣಿಕೆ ಕಾಲಿನಿಂದ ತಲೆಗೆ ಏರುತ್ತದೆ.

ಸುರಿಯುವ ಕೂಸಿಗೆ ಬಚ್ಚಲಿನಲ್ಲಿ ಎರಡು ಸಣ್ಣ ತಂಬಿಗೆ, ಒಂದು ಬೋಗುಣಿ ನೀರು ಸಾಕು. ತುಂಬಿದ್ದು, ಅರ್ಧ, ಬರಿದು ಎಂಬ ಗಣಿತದ ಮೊದಲ ಪಾಠ ಇಲ್ಲಿದೆ. ಆದರೆ ಎರಡು ಅಂಗುಲ ನೀರಿನಲ್ಲಿಯೂ ಕೂಸು ಮುಳುಗಿ ಸಾಯಬಹುದೆಂಬುದನ್ನು ಮರೆಯಬಾರದು. ಹಿರಿಯರು ಪಕ್ಕದಲ್ಲಿಯೇ ಕುಳಿತಿರಬೇಕು. ಆಟ ಮುಗಿದೊಡನೆ ಬೋಗುಣಿ, ಬಕೆಟ್ಟುಗಳನ್ನು ಬರಿದು ಮಾಡಿ ಕವುಚಿಡಬೇಕು. ನೀರಿನ ಬದಲು ಜೋಳ, ಕಡಲೆ, ಶೇಂಗಾ ಕೊಡುವುದು ಮೂರು ವರ್ಷದೊಳಗೆ ಬೇಡವೇ ಬೇಡ.

ಮುಚ್ಚಳ ತೆಗೆಯುವ ಕೂಸಿಗೆ ಮೂರು ಅಳತೆಯ ಸ್ಟೀಲಿನ ಡಬ್ಬಿಗಳನ್ನು ಕೊಟ್ಟರೆ, ಯಾವ ಡಬ್ಬಿಗೆ ಯಾವ ಮುಚ್ಚಳ ಎಂಬುದನ್ನು ತಾನೇ ಶೋಧಿಸುತ್ತದೆ. ತಪ್ಪಿದರೆ ಮುಚ್ಚಳವೇ ಕೂಡದೆ ಹೇಳಿಬಿಡುತ್ತದೆ, ನಾವು ತಿದ್ದಬೇಕಾಗಿಲ್ಲ. ಅಜ್ಜಿ ರೊಟ್ಟಿ ಬಡಿಯುವ ಹೊತ್ತಿನಲ್ಲಿ ಒಲೆಯಿಂದ ದೂರ ಕೂರಿಸಿ ಒಂದು ಮುದ್ದೆ ನಾದಿದ ಹಿಟ್ಟು ಕೊಟ್ಟರೆ ಬೆರಳುಗಳಿಗೆ ಬಲ ಬರುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಎತ್ತು ಮಾಡುವ ಕೈ ಹೀಗೆಯೇ ಸಿದ್ಧವಾಗುತ್ತದೆ.

ಹೊತ್ತು ಸಾಗಿಸುವ ಕೂಸಿಗೆ ನಿಜವಾದ ಕೆಲಸವೇ ಉತ್ತಮ ಆಟ. ಚೀಲದಿಂದ ಒಂದೊಂದೇ ಉಳ್ಳಾಗಡ್ಡಿ ತೆಗೆದು ಬುಟ್ಟಿಗೆ ಹಾಕಲಿ, ಒಗೆದ ಅರಿವೆಯನ್ನು ತಾಯಿಗೆ ಒಂದೊಂದಾಗಿ ಕೊಡಲಿ. ಕಾಯಕದ ರುಚಿ ಹತ್ತುವುದು ಈ ವಯಸ್ಸಿನಲ್ಲಿಯೇ. ಕೆಲಸ ತಡವಾಗುತ್ತದೆ ನಿಜ, ತಾಳ್ಮೆ ನಮ್ಮದಾಗಿರಬೇಕು.

ಅಡಗುವ ಕೂಸಿಗೆ ಕಣ್ಣಾಮುಚ್ಚಾಲೆಗೆ ಮಿಗಿಲಾದುದಿಲ್ಲ. ಕೂಸಿನ ಕಣ್ಣೆದುರಿಗೇ ಬಟ್ಟಲೊಂದನ್ನು ಟವೆಲಿನ ಕೆಳಗಿಟ್ಟು ‘ಎಲ್ಲಿ?’ ಎಂದು ಕೇಳುವುದೂ ಅದೇ ಆಟದ ಇನ್ನೊಂದು ರೂಪ. ಕಣ್ಣಿಗೆ ಕಾಣದುದೂ ಇದೆಯೆಂಬ ಅರಿವು ಇದರಿಂದ ಗಟ್ಟಿಯಾಗುತ್ತದೆ. ತಾಯಿ ಮರೆಯಾದರೂ ಮರಳಿ ಬರುತ್ತಾಳೆಂಬ ಧೈರ್ಯವೂ ಮೂಡುತ್ತದೆ.

ಕೊಳ್ಳುವುದಾದರೆ

ಜಾತ್ರೆಯಲ್ಲಾಗಲಿ ಅಂಗಡಿಯಲ್ಲಾಗಲಿ ಆಟಿಕೆ ಕೊಳ್ಳುವಾಗ ಮೊದಲ ಪ್ರಶ್ನೆ: ಇದರೊಡನೆ ಕೂಸು ಏನು ಮಾಡಬಲ್ಲುದು? ಆಟಿಕೆಯೇ ಎಲ್ಲವನ್ನೂ ಮಾಡುವುದಾದರೆ ಕೂಸು ಬರಿಯ ಪ್ರೇಕ್ಷಕ. ಎರಡನೆಯದು ಗಾತ್ರ. ಮೂರು ವರ್ಷದೊಳಗಿನವರ ಆಟಿಕೆಯನ್ನು ಪರೀಕ್ಷಿಸುವ ಕೊಳವೆಯ ಬಾಯಿ ಸುಮಾರು 32 ಮಿಲಿಮೀಟರ್. ಅದರೊಳಗೆ ಪೂರ್ತಿ ಇಳಿಯುವ ವಸ್ತು ಕೂಸಿನ ಗಂಟಲಿಗೂ ಇಳಿದೀತು. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದಕ್ಕಿಂತ ಸಾಕಷ್ಟು ದೊಡ್ಡದಲ್ಲದ ಯಾವುದನ್ನೂ, ಬೀಜ, ಕವಡೆ, ಗೋಲಿ, ಗುಂಡಿಗಳನ್ನು, ಕೂಸಿನ ಕೈಗೆಟುಕುವಂತೆ ಇಡಬಾರದು.

ಮೂರನೆಯದು ಬ್ಯಾಟರಿ. ನಾಣ್ಯದಂತಹ ಚಿಕ್ಕ ಬ್ಯಾಟರಿಯನ್ನು ಕೂಸು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿದೆಯೆಂಬ ಸಂಶಯ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ದಾರದಿಂದ ಎಳೆಯುವ ಗಾಡಿ ಒಳ್ಳೆಯದೇ. ಆದರೆ ದಾರ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವಿರುವುದರಿಂದ ಆಟವಾದ ಮೇಲೆ ಎತ್ತಿಡಬೇಕು. ನಡೆಯಲು ಕಲಿಯುವ ಕೂಸನ್ನು ಒಳಗೆ ಕೂರಿಸಿ ಉರುಳಿಸುವ ವಾಕರ್ ಮೆಟ್ಟಿಲಿನಿಂದ ಬೀಳಿಸೀತು. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಹಿಂದೆ ನಿಂತು ತಳ್ಳುವ ಮರದ ಗಾಡಿ ಅದಕ್ಕಿಂತ ಲೇಸು.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಸೂಚಕ ನೋಂದಣಿಯುಳ್ಳ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಆದುದರಿಂದ ಚನ್ನಪಟ್ಟಣದ ಆಟಿಕೆಯ ಮೇಲೆ ಮುದ್ರೆ ಕಾಣದಿದ್ದರೆ ಗಾಬರಿಪಡಬೇಕಾಗಿಲ್ಲ. ಆಲೆ ಮರವನ್ನು ತಿರುಗಣೆಗೆ ಕೊಟ್ಟು ನುಣುಪುಗೊಳಿಸಿ, ಬಣ್ಣದ ಅರಗನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದು, ಆ ಶಾಖದಿಂದಲೇ ಕರಗಿಸಿ ಲೇಪಿಸುವ ಕಲೆ ಅದು. ಮೂಲೆ-ಮೊನೆಯಿಲ್ಲದ ಆ ಆಟಿಕೆಗಳು ಬಾಯಿಗೆ ಹಾಕಿಕೊಳ್ಳುವ ಕೂಸಿಗೆ ಹಿತವಾದವು. ಸಸ್ಯಜನ್ಯ ಬಣ್ಣವೇ ಎಂದು ಮಾತ್ರ ಕೇಳಿಯೇ ಕೊಳ್ಳಬೇಕು. ಬಣ್ಣ ಬಳಿದ ಕಿನ್ನಾಳದ ಗೊಂಬೆಗಳು ನೋಡುವುದಕ್ಕೆ ಚೆಂದ; ಚೀಪುವ ಕೂಸಿಗಲ್ಲ.

ಆಟಿಕೆಗಳ ರಾಶಿಯೂ ಬೇಡ. ನಾಲ್ಕೈದನ್ನು ಹೊರಗಿಟ್ಟು ಉಳಿದವನ್ನು ಎತ್ತಿಟ್ಟು, ವಾರಕ್ಕೊಮ್ಮೆ ಬದಲಿಸಿದರೆ ಹಳೆಯದೇ ಹೊಸದಾಗುತ್ತದೆ.

ಎಷ್ಟು ಹೊತ್ತು?

ಒಂದು ಮತ್ತು ಎರಡು ವರ್ಷದ ಮಕ್ಕಳು ದಿನವೊಂದಕ್ಕೆ ಕನಿಷ್ಠ 180 ನಿಮಿಷ ಮೈ ಚಲಿಸುವ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಹಗಲಿನ ನಿದ್ರೆಯೂ ಸೇರಿ 11ರಿಂದ 14 ಗಂಟೆ ನಿದ್ರೆ ಬೇಕು. ನಾವು ಚೇಷ್ಟೆಯೆಂದು ಗದರಿಸುತ್ತಿದ್ದ ಮೂರು ಗಂಟೆಯ ಓಡಾಟ ಆ ಕೂಸಿಗೆ ಅನ್ನದಷ್ಟೇ ಅವಶ್ಯವಾಗಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಮೊಬೈಲು, ಟಿ.ವಿ. ಬೇಡವೆಂದೂ, ಆಮೇಲೂ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ದೂರದ ಬಂಧುಗಳೊಡನೆ ಮುಖ ನೋಡಿ ಮಾತನಾಡುವುದಕ್ಕೆ ಮಾತ್ರ ವಿನಾಯಿತಿ.

ಓಡಾಡುವುದು ರೋಗವಲ್ಲ. ಆದರೆ ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತನಾಡದ, ಕಲಿತ ಮಾತನ್ನೇ ಬಿಟ್ಟುಬಿಟ್ಟ ಕೂಸನ್ನು ‘ತಡವಾಗಿ ಕಲಿಯುತ್ತದೆ’ ಎಂದು ಸುಮ್ಮನಿರದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ರಜೆಯ ಉಳಿದ ದಿನಗಳಲ್ಲಿ ನಾವು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂಸಿನೊಡನೆ ನೆಲದ ಮೇಲೆ ಕುಳಿತೆವು. ಕಪಾಟಿನ ಕೆಳಗಿನ ಸಾಲಿನಲ್ಲಿ ಹಳೆಯ ಪಂಚಾಂಗಗಳನ್ನಿಟ್ಟು ಅದಕ್ಕೇ ಬಿಟ್ಟುಕೊಟ್ಟೆವು. ದಿನವೂ ಅದು ತೆಗೆಯಿತು, ದಿನವೂ ನಾವಿಬ್ಬರೂ ಕೂಡಿ ಹಿಂದಿಟ್ಟೆವು. ನಮ್ಮ ಕರಡು ಎರಡು ತಿಂಗಳು ತಡವಾಯಿತು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಹುಣಸೆ ಬೀಜಗಳು ಈಗ ಮುಚ್ಚಳ ಬಿಗಿದ ಡಬ್ಬಿಯಲ್ಲಿ ಅಟ್ಟದ ಮೇಲಿವೆ. ದೊಡ್ಡ ಮಕ್ಕಳು ಆಡಿದ ಮೇಲೆ ಎಣಿಸಿ ಒಳಗಿಡುತ್ತಾರೆ. ಎಣಿಸುವಾಗ ನಾವು ಪಕ್ಕದಲ್ಲಿ ನಿಂತಿರುತ್ತೇವೆ.