ಗ್ಲೌಸ್ ಇಟ್ಟು ಹೋಗು ಮಗಾ!

ಟಿ.ವಿ.ಯಲ್ಲಿ ನೋಡುವ ಫುಟ್‌ಬಾಲ್ ಸೀಸನ್ ಎಂಟೊಂಬತ್ತು ತಿಂಗಳು ನಡೆಯುತ್ತದೆ. ಎಂಜಿನಿಯರಿಂಗ್ ಕಾಲೇಜಿನ ತಂಡದ ಸೀಸನ್ ಹೆಚ್ಚೆಂದರೆ ಆರು ವಾರ. ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಶುರು, ಎರಡನೇ ಇಂಟರ್ನಲ್ಸ್ ಬರುವಷ್ಟರಲ್ಲಿ ಖಲ್ಲಾಸ್. ಅಷ್ಟರೊಳಗೆ ಆಯ್ಕೆ, ಅಭ್ಯಾಸ, ಗಾಯ, ಜಗಳ, ಗೆಲುವು, ಸೋಲು ಎಲ್ಲವೂ ಆಗಬೇಕು. ಮೆಕ್ಯಾನಿಕಲ್ ಐದನೇ ಸೆಮಿಸ್ಟರ್‌ನಲ್ಲಿರುವ ನಾನು ನಮ್ಮ ತಂಡದ ಲೆಫ್ಟ್ ಬ್ಯಾಕ್. ಇದು ನಮ್ಮ ಈ ವರ್ಷದ ಆರು ವಾರಗಳ ಕಥೆ.

ಆಯ್ಕೆಗೆ ಬಂದವರು ನಲವತ್ತು ಮಂದಿ, ಉಳಿದವರು ಹದಿನೆಂಟು. ಅವರಲ್ಲಿ ಮಂಗಳೂರಿನವರಿದ್ದರು, ಬೆಳಗಾವಿಯವರಿದ್ದರು, ನಡೆಯುವ ಮೊದಲೇ ಚೆಂಡು ಒದ್ದೆವು ಎಂದು ಹೇಳಿಕೊಳ್ಳುವ ಬೆಂಗಳೂರಿನ ಆಸ್ಟಿನ್ ಟೌನ್‌ನ ಇಬ್ಬರಿದ್ದರು. ಮಿಕ್ಕವರು ಕ್ರಿಕೆಟ್ ತಂಡದಲ್ಲಿ ಜಾಗ ಸಿಗದವರು! ಮೈದಾನದಲ್ಲೂ ಕ್ರಿಕೆಟ್‌ನವರದ್ದೇ ದರ್ಬಾರು. ಅವರು ಸ್ಟಂಪ್ ಕಿತ್ತ ಮೇಲೆ, ಸಂಜೆ ಐದೂವರೆಯಿಂದ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ನಮ್ಮ ಅಭ್ಯಾಸ.

ಎದುರಾಳಿ ತಂಡಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಹಾಜರಾತಿ. ವಿಟಿಯುನಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಪಂದ್ಯದ ದಿನಕ್ಕೆ ಒ.ಡಿ. ಲೆಟರ್ ಸಿಕ್ಕರೂ, ತಪ್ಪಿದ ಲ್ಯಾಬನ್ನು ನಾವೇ ಬೇರೆ ಬ್ಯಾಚಿನ ಜೊತೆ ಮುಗಿಸಬೇಕು. ಲೆಟರ್ ಹಿಡಿದು ಡಿಪಾರ್ಟ್‌ಮೆಂಟಿನಿಂದ ಡಿಪಾರ್ಟ್‌ಮೆಂಟಿಗೆ ಓಡುವುದನ್ನೇ ನಾವು ವಾರ್ಮ್ ಅಪ್ ಎಂದು ಕರೆಯುತ್ತಿದ್ದೆವು.

ನಮ್ಮ ನಿಜವಾದ ಬಲ ಗೋಲ್‌ಕೀಪರ್. ಏಳನೇ ಸೆಮಿಸ್ಟರ್‌ನ ಸೀನಿಯರ್, ಕೆಜಿಎಫ್‌ನವನು. ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಅಲ್ಲಿನ ಎಷ್ಟೋ ಜನರ ಹಾಗೆ ಅವನ ಅಪ್ಪನೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಮೊದಲ ಪಂದ್ಯವನ್ನು 2–0ರಿಂದ ಗೆದ್ದೆವು. ಎರಡನೆಯದು 1–1ರಲ್ಲಿ ನಿಂತಾಗ ಪೆನಾಲ್ಟಿ ಶೂಟೌಟ್‌ನಲ್ಲಿ ಎರಡು ಒದೆತ ತಡೆದು ಗೆಲ್ಲಿಸಿದವನು ಅವನೇ. ಕಾಲೇಜಿನ ತಂಡ ಮೂರು ವರ್ಷಗಳ ಮೇಲೆ ಕ್ವಾರ್ಟರ್ ಫೈನಲ್ ತಲುಪಿತ್ತು.

ಅಂದೇ ರಾತ್ರಿ ಪ್ಲೇಸ್‌ಮೆಂಟ್ ಸೆಲ್‌ನಿಂದ ಮೆಸೇಜ್ ಬಂತು. ಅವನ ಬ್ರಾಂಚಿಗೆ ಬರುವ ಕಂಪನಿಯೊಂದರ ಪರೀಕ್ಷೆ, ಸಂದರ್ಶನ ಎರಡೂ ಕ್ವಾರ್ಟರ್ ಫೈನಲ್ ದಿನವೇ, ಬೇರೆ ಊರಿನಲ್ಲಿ. ಹಾಸ್ಟೆಲ್ ರೂಮಿನಲ್ಲಿ ಹದಿನೆಂಟೂ ಜನ ಸೇರಿದೆವು. ‘ಕಂಪನಿಗಳು ಇನ್ನೂ ಬರ್ತವೆ, ಕ್ವಾರ್ಟರ್ ಫೈನಲ್ ಮತ್ತೆ ಬರುತ್ತಾ?’ ಎಂದ ಸ್ಟ್ರೈಕರ್. ‘ಎಜುಕೇಷನ್ ಲೋನ್ ಕಂತು ನೀನು ಕಟ್ತೀಯಾ?’ ಎಂದ ಇನ್ನೊಬ್ಬ. ಕೀಪರ್ ಮಾತ್ರ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಕ್ಯಾಪ್ಟನ್ ಹೇಳಿದ, ‘ಹೋಗು ಮಗಾ. ಗ್ಲೌಸ್ ಮಾತ್ರ ಇಟ್ಟು ಹೋಗು.’

ಆ ಗ್ಲೌಸ್ ಹೋದದ್ದು ಸಿವಿಲ್ ಮೂರನೇ ಸೆಮಿಸ್ಟರ್ ಹುಡುಗನ ಕೈಗೆ. ಹಾಸನದವನು, ವಾಲಿಬಾಲ್ ಆಟಗಾರ. ಎತ್ತರವಿದ್ದಾನೆ ಎಂಬ ಒಂದೇ ಕಾರಣಕ್ಕೆ ಎರಡನೇ ಕೀಪರ್ ಆಗಿದ್ದ. ಇದ್ದ ಎರಡು ಸಂಜೆಯೂ ಸೀನಿಯರ್ ತನ್ನ ಆಪ್ಟಿಟ್ಯೂಡ್ ಪುಸ್ತಕ ಬದಿಗಿಟ್ಟು ಅವನಿಗೆ ಪೆನಾಲ್ಟಿ ಪಾಠ ಮಾಡಿದ. ಗೋಲ್ ಅಗಲ 7.32 ಮೀಟರ್, ಒದೆಯುವ ಜಾಗ ಇರುವುದು 11 ಮೀಟರ್ ದೂರದಲ್ಲಿ. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಅರ್ಧ ಸೆಕೆಂಡ್ ತುಂಬುವ ಮೊದಲೇ ಬಲೆಯಲ್ಲಿರುತ್ತದೆ. ಅದು ಯಾವ ಕಡೆ ಹೊರಟಿತು ಎಂದು ಪೂರ್ತಿ ನೋಡಿ ಹಾರಿದರೆ ತಡವಾಗುತ್ತದೆ. ಒದೆಯುವವನ ಸೊಂಟ, ಊರಿದ ಕಾಲಿನ ದಿಕ್ಕು ನೋಡಿ ಮೊದಲೇ ನಿರ್ಧರಿಸಬೇಕು.

ಪಕ್ಕದಲ್ಲಿ ನಿಂತಿದ್ದ ಪಿ.ಡಿ. ಸರ್, 1948ರ ಲಂಡನ್ ಒಲಿಂಪಿಕ್ಸ್ ಕಥೆ ತೆಗೆದರು. ಬಹುತೇಕ ಬರಿಗಾಲಲ್ಲಿ ಆಡಿದ ಭಾರತ, ಫ್ರಾನ್ಸ್ ವಿರುದ್ಧ 1–2ರಿಂದ ಸೋತಿತು. ನಮ್ಮ ಆ ಒಂದು ಗೋಲು ಬೆಂಗಳೂರಿನ ಎಸ್. ರಾಮನ್ ಅವರದ್ದು. ಅದೇ ಪಂದ್ಯದಲ್ಲಿ ಭಾರತ ಎರಡು ಪೆನಾಲ್ಟಿ ಕಳೆದುಕೊಂಡಿತ್ತು. ‘ಅಂಥವರೇ ತಪ್ಪಿಸಿಕೊಂಡಿದ್ದಾರೆ, ನೀವು ಹೆದರಬೇಡಿ’ ಎಂದರು ಸರ್.

ಕ್ವಾರ್ಟರ್ ಫೈನಲ್ 0–0. ಮತ್ತೆ ಶೂಟೌಟ್. ನಮ್ಮ ಹಾಸನದ ಹುಡುಗ ಒಂದನ್ನು ಎರಡೂ ಕೈಯಲ್ಲಿ ತಳ್ಳಿ ಹಾಕಿದ. ಆದರೆ ನಮ್ಮದು ಒಂದು ಕ್ರಾಸ್‌ಬಾರ್‌ಗೆ ಬಡಿಯಿತು, ಇನ್ನೊಂದು ಕೀಪರ್ ಕೈ ಸೇರಿತು. 3–4. ಸೀಸನ್ ಮುಗಿಯಿತು. ಬಸ್ಸಿನಲ್ಲಿ ಸ್ಟ್ರೈಕರ್ ಯಾರ ಹತ್ತಿರವೂ ಮಾತಾಡಲಿಲ್ಲ.

ರಾತ್ರಿ ಹತ್ತಕ್ಕೆ ಸೀನಿಯರ್ ಬಂದ. ಟೈ ಜೇಬಿನಲ್ಲಿತ್ತು. ಅವನು ಮೊದಲು ಕೇಳಿದ್ದು ಸ್ಕೋರ್. ಆಮೇಲೆ ತನ್ನ ಸುದ್ದಿ ಹೇಳಿದ. ಟೆಕ್ನಿಕಲ್ ಇಂಟರ್‌ವ್ಯೂನಲ್ಲಿ ಹೊರಬಿದ್ದಿದ್ದ. ಪಂದ್ಯವೂ ಇಲ್ಲ, ಕೆಲಸವೂ ಇಲ್ಲ. ಸ್ಟ್ರೈಕರ್ ಎದ್ದು ಹೋದಾಗ ಜಗಳ ಬೀಳುತ್ತದೇನೋ ಅಂದುಕೊಂಡೆವು. ಅವನು ಮೆಸ್‌ನಲ್ಲಿ ಎತ್ತಿಡಿಸಿದ್ದ ಊಟದ ತಟ್ಟೆ ತಂದು ಸೀನಿಯರ್ ಮುಂದಿಟ್ಟ. ‘ತಿನ್ನು, ಬೆಳಿಗ್ಗೆಯಿಂದ ಏನೂ ತಿಂದಿರಲ್ಲ’ ಎಂದಷ್ಟೇ ಹೇಳಿದ.

ಅವನು ಇದ್ದಿದ್ದರೆ ಗೆಲ್ಲುತ್ತಿದ್ದೆವಾ? ಇರಬಹುದು. ಆದರೆ ಉಳಿಸಿಕೊಂಡು ಗೆದ್ದಿದ್ದರೂ ಆ ಕಪ್‌ನಿಂದ ಅವನ ಮನೆಯ ಕಂತು ಕಟ್ಟಲಾಗುತ್ತಿರಲಿಲ್ಲ. ನಮ್ಮ ಹದಿನೆಂಟು ಜನರಲ್ಲಿ ಫುಟ್‌ಬಾಲ್‌ನಿಂದಲೇ ಬದುಕು ಕಟ್ಟುವವರು ಬಹುಶಃ ಯಾರೂ ಇಲ್ಲ. ಹಾಗಿದ್ದರೂ ಕತ್ತಲಾಗುವವರೆಗೆ ಓಡುತ್ತೇವೆ. ರೆಸ್ಯೂಮೆಯಲ್ಲಿ ‘ಟೀಮ್ ಪ್ಲೇಯರ್’ ಎಂದು ಎಲ್ಲರೂ ಬರೆಯುತ್ತೇವೆ. ಬೇಕಾದ ಆಟಗಾರನನ್ನು ಬೇಸರವಿಲ್ಲದೆ ಕಳಿಸಿಕೊಡುವುದೂ, ಹೋಗುವವನು ತನ್ನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡುವುದೂ ಅದರಲ್ಲಿ ಸೇರಿದೆ ಎಂದು ನನಗೆ ತಿಳಿದದ್ದು ಈ ಸೀಸನ್‌ನಲ್ಲಿ.

ಒಂದೂವರೆ ತಿಂಗಳ ಮೇಲೆ ಸೀನಿಯರ್‌ಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಆ ಸಂಜೆ ಮೈದಾನಕ್ಕೆ ಮೈಸೂರು ಪಾಕ್ ಬಂತು. ಗ್ಲೌಸ್ ಅವನು ವಾಪಸ್ ಕೇಳಲೇ ಇಲ್ಲ. ಹಾಸನದ ಹುಡುಗ ಈಗ ವಾಲಿಬಾಲ್ ಬಿಟ್ಟು ದಿನಾ ಸಂಜೆ ಗೋಲ್ ಮುಂದೆ ನಿಲ್ಲುತ್ತಾನೆ. ಮುಂದಿನ ವರ್ಷ ನಾನು ಏಳನೇ ಸೆಮಿಸ್ಟರ್. ಲೆಫ್ಟ್ ಬ್ಯಾಕ್ ಜಾಗಕ್ಕೆ ಒಬ್ಬ ಜೂನಿಯರ್‌ನನ್ನು ಈಗಿನಿಂದಲೇ ಹುಡುಕುತ್ತಿದ್ದೇನೆ.