ಗಡಿ ದಾಟಿ ಬರುವ ಔಷಧ

ನಮ್ಮ ಜೀವಕೋಶಗಳಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವವೊಂದುಂಟು; ಹೆಸರು ಗ್ಲೂಕೋಸೆರೆಬ್ರೋಸಿಡೇಸ್. (ಹೆಸರನ್ನು ಮರೆತರೂ ಬಾಧಕವಿಲ್ಲ.) ಹುಟ್ಟಿನಿಂದಲೇ ಅದರ ಕೊರತೆಯಿದ್ದರೆ ಆ ಕೊಬ್ಬು ಶೇಖರವಾಗಿ ಗುಲ್ಮವೂ ಯಕೃತ್ತೂ ಊದಿಕೊಳ್ಳುತ್ತವೆ. ಇದೇ ಗೋಷೆ ರೋಗ. ಕಿಣ್ವವನ್ನು ವಿದೇಶದಿಂದ ತರಿಸಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹನಿಸಬೇಕು. 10 ಕಿಲೋ ತೂಕದ ಮಗುವಿಗೆ ಇಂಥ ಅಪರೂಪ ರೋಗಗಳ ವಾರ್ಷಿಕ ವೆಚ್ಚ ಕೆಲವೊಮ್ಮೆ ಕೋಟಿ ರೂಪಾಯಿಯನ್ನೂ ಮೀರುತ್ತದೆ. ಮಗು ಬೆಳೆದಂತೆ ಔಷಧದ ಪ್ರಮಾಣವೂ ಬೆಳೆಯುತ್ತದೆ. ಸಾಲಿಗ್ರಾಮದ ಯಾವ ಬತ್ತದ ಗದ್ದೆ ಇದನ್ನು ಭರಿಸೀತು?

ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರವು 2023ರ ಏಪ್ರಿಲ್ 1ರಿಂದ ಬಿಟ್ಟುಕೊಟ್ಟಿತು. ಜಿಲ್ಲಾ ವೈದ್ಯಾಧಿಕಾರಿಯ ಪ್ರಮಾಣಪತ್ರವೂ ನಡೆಯುತ್ತದೆ. ಆದರೆ ಔಷಧಗಳ ಮೇಲಿನ ಸುಂಕ ಸಾಮಾನ್ಯವಾಗಿ ಶೇಕಡ 10 ಮಾತ್ರ. ಹೊರೆಯ ಬಹುಭಾಗ ಹಾಗೆಯೇ ಉಳಿಯಿತೆಂದೇ ನಮ್ಮ ಎಣಿಕೆ. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಇನ್ನೊಂದು ಲೆಕ್ಕ ಕೊಟ್ಟಿತು: ಆ ಕೊಬ್ಬಿನ ಉತ್ಪತ್ತಿಯನ್ನೇ ತಗ್ಗಿಸುವ ಎಲಿಗ್ಲುಸ್ಟಾಟ್ ಗುಳಿಗೆಯನ್ನು ಇಲ್ಲಿಯೇ ತಯಾರಿಸಿದಾಗ, ವರ್ಷಕ್ಕೆ 1.8 ಕೋಟಿಯಿಂದ 3.6 ಕೋಟಿ ರೂಪಾಯಿಯಷ್ಟಿದ್ದ ವೆಚ್ಚ 3ರಿಂದ 6 ಲಕ್ಷಕ್ಕೆ ಇಳಿಯಿತು.