ಬೇಸಿಗೆಯಲ್ಲಿ ಕರೆಯುವ ಹಸುಗಳಿಗೆ ಕುಡಿಯುವ ನೀರು: ಎಷ್ಟು, ಯಾವಾಗ, ಹೇಗೆ?

ಬೇಸಿಗೆ ಆರಂಭವಾದೊಡನೆ ಹಾಲಿನ ಇಳುವರಿ ಕುಸಿಯುವುದು ಹೈನುಗಾರರಿಗೆ ಹೊಸ ಅನುಭವವಲ್ಲ. ಮೇವಿನ ಕೊರತೆಯೇ ಇದಕ್ಕೆ ಕಾರಣವೆಂದು ಭಾವಿಸಿ ಪಶು ಆಹಾರದ ಪ್ರಮಾಣವನ್ನು ಹೆಚ್ಚಿಸುವುದುಂಟು. ಆದರೆ ದಿನವಿಡೀ ಕಟ್ಟಿಹಾಕಿ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ನೀರು ತೋರಿಸುವ ಕೊಟ್ಟಿಗೆಗಳಲ್ಲಿ ಮೊದಲು ಪರಿಶೀಲಿಸಬೇಕಾದುದು ನೀರಿನ ಪೂರೈಕೆಯನ್ನು.

ನೀರಿನ ಮಹತ್ವ

ಹಸುವಿನ ಹಾಲಿನಲ್ಲಿ ಸುಮಾರು ಶೇ. 87ರಷ್ಟು, ಎಮ್ಮೆಯ ಹಾಲಿನಲ್ಲಿ ಸುಮಾರು ಶೇ. 83ರಷ್ಟು ನೀರಿರುತ್ತದೆ. ಮೇವಿನ ಜೀರ್ಣಕ್ರಿಯೆ ಹಾಗೂ ದೇಹದ ಉಷ್ಣತೆಯ ನಿಯಂತ್ರಣಕ್ಕೂ ನೀರು ಅತ್ಯಗತ್ಯ. ನೀರು ಸಾಲದಾದಾಗ ಹಸು ಮೇವು ತಿನ್ನುವುದನ್ನು ಕಡಿಮೆ ಮಾಡುತ್ತದೆ. ಇದರಿಂದ ಹಾಲು ಇಳಿಯುತ್ತದೆ. ಈ ಹಂತದಲ್ಲಿ ಹಿಂಡಿ, ಬೂಸಾ ಹೆಚ್ಚಿಸಿದರೆ ಖರ್ಚು ಹೆಚ್ಚುವುದೇ ಹೊರತು ಹಾಲು ಹೆಚ್ಚುವುದಿಲ್ಲ.

ಎಷ್ಟು ನೀರು ಬೇಕು?

ವಯಸ್ಕ ಮಿಶ್ರತಳಿ ಹಸುವಿನ ದೇಹ ನಿರ್ವಹಣೆಗೆ ದಿನಕ್ಕೆ 30ರಿಂದ 40 ಲೀಟರ್, ಜೊತೆಗೆ ಕೊಡುವ ಪ್ರತಿ ಲೀಟರ್ ಹಾಲಿಗೆ 3ರಿಂದ 4 ಲೀಟರ್ ನೀರು ಬೇಕಾಗುತ್ತದೆ. ಈ ಲೆಕ್ಕದಂತೆ 10 ಲೀಟರ್ ಹಾಲು ಕೊಡುವ ಹಸುವಿಗೆ 60ರಿಂದ 80 ಲೀಟರ್ ನೀರು ಅವಶ್ಯಕ. ಕಡು ಬೇಸಿಗೆಯಲ್ಲಿ ಇದು 100 ಲೀಟರನ್ನೂ ಮೀರಬಹುದು. ಹಸಿರು ಮೇವಿನಲ್ಲಿ ಶೇ. 75ರಿಂದ 85ರಷ್ಟು ನೀರಿದ್ದರೆ, ರಾಗಿ ಹುಲ್ಲು ಮತ್ತು ಜೋಳದ ಸೊಪ್ಪೆಯಂತಹ ಒಣ ಮೇವಿನಲ್ಲಿ ಶೇ. 10ರ ಆಸುಪಾಸಿನಲ್ಲಿರುತ್ತದೆ. ಆದುದರಿಂದ ಒಣ ಮೇವನ್ನೇ ಅವಲಂಬಿಸಿದ ರಾಸುಗಳಿಗೆ ಹೆಚ್ಚು ನೀರು ಬೇಕು. ಕಲಗಚ್ಚು ಅಥವಾ ಬೂಸಾ ಕಲಸಿದ ನೀರನ್ನು ಕುಡಿಸಿದ ಮಾತ್ರಕ್ಕೆ ನೀರಿನ ಅಗತ್ಯ ಪೂರೈಸಿತೆಂದು ತಿಳಿಯಬಾರದು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಅಳತೆ ಗೊತ್ತಿರುವ ಬಕೆಟ್ಟಿನಿಂದ ಹಸುವಿನ ಮುಂದೆ ದಿನದ 24 ಗಂಟೆಯೂ ನೀರು ಇರುವಂತೆ ನೋಡಿಕೊಂಡು, ಎಷ್ಟು ಬಕೆಟ್ ಖಾಲಿಯಾಯಿತೆಂದು ಬರೆದಿಡಬೇಕು. ಇದನ್ನು ಮೂರು ನಾಲ್ಕು ದಿನ ಮುಂದುವರಿಸಿ, ಈವರೆಗೆ ಕೊಡುತ್ತಿದ್ದ ಪ್ರಮಾಣದೊಂದಿಗೆ ಹೋಲಿಸಬೇಕು. ಕಂಡುಬರುವ ವ್ಯತ್ಯಾಸವೇ ಹಸು ಅನುಭವಿಸುತ್ತಿದ್ದ ಕೊರತೆ. ವಿಸ್ತರಣಾ ಕಾರ್ಯಕರ್ತರು ಗ್ರಾಮದ ಒಂದೆರಡು ಕೊಟ್ಟಿಗೆಗಳಲ್ಲಿ ಇದನ್ನು ಪ್ರಾತ್ಯಕ್ಷಿಕೆಯಾಗಿ ಏರ್ಪಡಿಸಬಹುದು.

ನಿರ್ಜಲೀಕರಣದ ಲಕ್ಷಣಗಳು

• ಮೂತಿ ಒಣಗುವುದು, ಕಣ್ಣುಗಳು ಗುಳಿಬೀಳುವುದು
• ಗಟ್ಟಿ ಸಗಣಿ, ಅಲ್ಪ ಪ್ರಮಾಣದ ಗಾಢ ಬಣ್ಣದ ಮೂತ್ರ
• ಕತ್ತಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟಾಗ ನಿಧಾನವಾಗಿ ಮರಳುವುದು. ಆರೋಗ್ಯವಂತ ರಾಸಿನಲ್ಲಿ ಚರ್ಮವು ಸುಮಾರು 2 ಸೆಕೆಂಡುಗಳೊಳಗೆ ಮೊದಲಿನಂತಾಗುತ್ತದೆ.

ಕರುಗಳ ಬಗ್ಗೆ ವಿಶೇಷ ಎಚ್ಚರಿಕೆ

ಹಾಲು ಕುಡಿಯುವ ಕರುವಿಗೆ ನೀರು ಬೇಡವೆಂಬುದು ತಪ್ಪು ಕಲ್ಪನೆ. ಕರು ಕುಡಿದ ಹಾಲು ಮೆಲುಕು ಚೀಲವನ್ನು ಬಳಸಿಕೊಂಡು ನೇರವಾಗಿ ನಾಲ್ಕನೆಯ ಹೊಟ್ಟೆಯನ್ನು ಸೇರುತ್ತದೆ. ಮೆಲುಕು ಚೀಲದ ಬೆಳವಣಿಗೆಗೆ ಬೇಕಾದ ನೀರನ್ನು ಪ್ರತ್ಯೇಕವಾಗಿಯೇ ಕೊಡಬೇಕು. ಆದ್ದರಿಂದ ಮೊದಲ ವಾರದಿಂದಲೇ ಶುದ್ಧ ನೀರನ್ನು ಕರುವಿನ ಮುಂದಿಡಬೇಕು.

ಭೇದಿಯಾದಾಗ ಕರುವಿನ ಜೀವಕ್ಕೆ ಎರವಾಗುವುದು ಬಹುತೇಕ ನೀರು ಮತ್ತು ಲವಣಗಳ ನಷ್ಟವೇ. ಇಂತಹ ಸಂದರ್ಭದಲ್ಲಿ ಹಾಲನ್ನು ಪೂರ್ಣವಾಗಿ ನಿಲ್ಲಿಸದೆ, ಹಾಲುಣಿಸುವ ವೇಳೆಗಳ ನಡುವೆ ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಪುನರ್ಜಲೀಕರಣ ದ್ರಾವಣವನ್ನು ಕುಡಿಸಬೇಕು. ಕರು ಚೀಪುವುದನ್ನು ಬಿಟ್ಟು ಮಲಗಿದ್ದರೆ ಗೊಟ್ಟದಿಂದ ಬಲವಂತವಾಗಿ ಕುಡಿಸಬಾರದು. ದ್ರವವು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಇಂತಹ ಕರುವಿಗೆ ರಕ್ತನಾಳದ ಮೂಲಕ ದ್ರವ ಕೊಡಿಸಲು ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಬಹಳ ಹೊತ್ತು ಬಾಯಾರಿದ ಕರುವಿಗೆ ಒಮ್ಮೆಲೇ ಯಥೇಚ್ಛ ನೀರು ಕೊಟ್ಟರೆ ರಕ್ತಕಣಗಳು ಒಡೆದು ಮೂತ್ರ ಕೆಂಪಾಗಬಹುದು. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಕ್ಷೇಮ.

ಅನುಸರಿಸಬೇಕಾದ ಕ್ರಮಗಳು

• ನೀರಿನ ತೊಟ್ಟಿಯನ್ನು ನೆರಳಿನಲ್ಲಿ, ಕಟ್ಟಿದ ಹಸುವಿಗೆ ಎಟುಕುವಂತೆ ನಿರ್ಮಿಸಬೇಕು. ಬಿಸಿಲಿಗೆ ಕಾದ ನೀರನ್ನು ರಾಸುಗಳು ಸಾಕಷ್ಟು ಕುಡಿಯುವುದಿಲ್ಲ.
• ಹಾಲು ಕರೆದ ಕೂಡಲೇ ಹಸುವಿಗೆ ಹೆಚ್ಚು ಬಾಯಾರಿಕೆಯಾಗುವುದರಿಂದ ಆ ಹೊತ್ತಿಗೆ ತೊಟ್ಟಿ ತುಂಬಿರಬೇಕು. ರಾತ್ರಿಯೂ ನೀರು ಲಭ್ಯವಿರಬೇಕು.
• ತೊಟ್ಟಿಯನ್ನು ಆಗಾಗ್ಗೆ ಉಜ್ಜಿ ತೊಳೆದು, ಒಳಭಾಗಕ್ಕೆ ಸುಣ್ಣ ಬಳಿದು ಪಾಚಿ ಕಟ್ಟದಂತೆ ನೋಡಿಕೊಳ್ಳಬೇಕು.
• ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸಬೇಕು. ಕರಗಿದ ಲವಣಾಂಶ ಲೀಟರಿಗೆ 3000 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ರಾಸುಗಳಿಗೆ ಸೂಕ್ತ.

ಹಾಲಿನ ಇಳುವರಿ ಕಡಿಮೆಯಾದಾಗ ಪಶು ಆಹಾರದ ಚೀಲವನ್ನು ಬಿಚ್ಚುವ ಮುನ್ನ ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡುವುದು ಲಾಭದಾಯಕ. ನೀರು ಸಾಕಷ್ಟಿದ್ದೂ ಹಸು ಕುಡಿಯದಿದ್ದಲ್ಲಿ ಅದು ಅನಾರೋಗ್ಯದ ಸೂಚನೆಯಾಗಿರಬಹುದು. ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬೇಕು.